ಕಾಶಿಯಲ್ಲಿ ಬಿಟ್ಟ ಹಣ್ಣು

ಗೆಳೆಯ ಜಲಾಲ್ ತಲೆಯ ಕಡೆ, ಮಗಳು ಗಾನವಿ ಕಾಲಿನ ಕಡೆ ನಿಂತು ಗೋವಿಂದರಾಜುವಿನ ಶವಪೆಟ್ಟಿಗೆಯ ಮುಚ್ಚಳ ಎತ್ತಿ ಇನ್ನೇನು ಇಡಬೇಕು, ಅಷ್ಟರಲ್ಲಿ ಹೆಂಡತಿ ಸರಳಾ, "ತಡೀರಿ, ಮುಚ್ಬೇಡಿ" ಎಂದಳು.

ಇಬ್ಬರೂ ಮುಚ್ಚಳ ಹಿಡಿದುಕೊಂಡೇ ನಿಂತರು. ಬೇಕಾದರೆ ಮನೆಯವರೇ ಮುಚ್ಚಬಹುದು ಎಂದು ಚಿತಾಗಾರದ ಉಸ್ತುವಾರಿ ಮರೈಕೆ ಬೆಳಿಗ್ಗೆ ಹೇಳಿದ್ದಳು. ಡಚ್ಚರ ಈ ದೇಶದಲ್ಲಿ ಅದು ಸತ್ತವರಿಗೆ ತೋರಿಸುವ ಮರ್ಯಾದೆ.

"ಏನಾಯ್ತು ಭಾಬಿ?" ಎಂದ ಜಲಾಲ್. ಗೋವಿಂದರಾಜು ಮತ್ತು ಅವನು ಬೆಂಗಳೂರಿನಿಂದ ಒಂದೇ ವರ್ಷ ನೈಮೆಗನ್ನಿನ ಚಿಪ್ ಕಂಪನಿಗೆ ಬಂದವರು.

"ಇಗ್ನಾಸಿಯೋ ಬರ್ತೀನಿ ಅಂದಿದಾರೆ. ಬಂದ್ಬಿಡ್ಲಿ."

"ಅಮ್ಮಾ, ನಮಗೆ ಕೊಟ್ಟಿರೋ ಸ್ಲಾಟೇ ಇಷ್ಟು. ಹಿಂದೆ ಇನ್ನೊಂದು ಫ್ಯಾಮಿಲಿ ಕಾಯ್ತಿದೆ." ತಾನಿರುವ ಆಲ್ಮೆರೆ ಊರಿನಿಂದ ಬಂದಾಗಿನಿಂದ ಗಾನವಿಯ ಕೈಗೆ ಫೋನು ಅಂಟಿಕೊಂಡಿತ್ತು, ಪಾಪ, ಅಳುವುದಕ್ಕೂ ಅವಳಿಗೆ ಬಿಡುವಾಗಿರಲಿಲ್ಲ.

"ಕಾಯ್ಲಿ ಬಿಡು. ನಿಮ್ಮಪ್ಪ ಯಾವತ್ತು ಟೈಮಿಗೆ ಸರಿಯಾಗಿ ಹೊರಟಿದ್ರು, ಇವತ್ತು ಹೊರಡೋಕೆ?"

ಸುಳ್ಳಲ್ಲ. ತೋಟಕ್ಕೆ ಹೋದ ಗೋವಿಂದರಾಜು ಊಟದ ಹೊತ್ತಿಗೆ ಮನೆಗೆ ಬಂದದ್ದನ್ನು ಯಾರೂ ಕಂಡಿಲ್ಲ. ತೋಟವೆಂದರೆ ಅಂಥದ್ದೇನಲ್ಲ. ರೈಲು ಹಳಿಯ ಪಕ್ಕ ಊರಿನವರಿಗೆ ಬಾಡಿಗೆಗೆ ಕೊಡುವ ತುಂಡು ನೆಲ, ಒಂದು ಮದುವೆ ಚಪ್ಪರ ಹಾಕಲೂ ಸಾಲದು. ಅಲ್ಲಿ ಬೆಂಡೆ ಬರಲಿಲ್ಲ, ಮೆಂತ್ಯ ಬಂತು, ಜೊತೆಗೊಂದು ದ್ರಾಕ್ಷಿ ಬಳ್ಳಿ. ಹೋದ ಭಾನುವಾರ ಅದೇ ಬಳ್ಳಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತವನು ಮತ್ತೆ ಏಳಲಿಲ್ಲ. ಹೃದಯ, ಎಂದರು ಡಾಕ್ಟರು.

ಈಗ ರೇಷ್ಮೆ ಪಂಚೆ ಉಟ್ಟು, ಉಂಡು ಮಲಗಿದವನ ಹಾಗೆ ಮಲಗಿದ್ದ. ಬಾಯಿಗೆ ಅಕ್ಕಿ ಹಾಕಿದ್ದಾಗಿತ್ತು, ತುಳಸಿ ಇಟ್ಟಿದ್ದಾಗಿತ್ತು. ಸರಳಾಳಿಗೆ ಮಾತ್ರ ಒಂದೇ ಕೊರಗು. ಅಷ್ಟು ವರ್ಷ ಸಾಕಿದ ಬಳ್ಳಿಯ ಒಂದು ಹಣ್ಣನ್ನೂ ಆ ಬಾಯಿ ಕಂಡಿರಲಿಲ್ಲ. ಕಾಣದ ಹಾಗೆ ಮಾಡಿದವಳು ತಾನೇ.

* * *

ಗೋವಿಂದರಾಜುವಿನ ಅಪ್ಪ ನಾರಾಯಣಸ್ವಾಮಿ ದೇವನಹಳ್ಳಿ ಕಡೆ ದ್ರಾಕ್ಷಿ ಬೆಳೆಯುತ್ತಿದ್ದರು. ಮಗ ಅಂಬೆಗಾಲಿಟ್ಟಿದ್ದೇ ಚಪ್ಪರದ ಕೆಳಗೆ. ಗೊಂಚಲಿಗೆ ಬಾಯಿ ಹಾಕಿಯೇ ತಿನ್ನುತ್ತಿದ್ದನಂತೆ. ಅಪ್ಪ ತೀರಿಕೊಂಡಾಗ ಅಸ್ಥಿ ಬಿಡಲು ಗಂಡ ಹೆಂಡತಿ ಕಾಶಿಗೆ ಹೋದರು. ಕಾಶಿಗೆ ಹೋದವರು ಇಷ್ಟದ ಒಂದು ಹಣ್ಣು, ಒಂದು ತರಕಾರಿ ಬಿಟ್ಟು ಬರಬೇಕಲ್ಲ? ಬಿಟ್ಟರೆ ಸಾಯುವ ತನಕ ಮುಟ್ಟುವಂತಿಲ್ಲ. ಅದಕ್ಕೇ ಜಾಣರು ಹಾಗಲಕಾಯಿ ಬಿಡುತ್ತಾರೆ.

ಗೋವಿಂದರಾಜುವೂ ಜಾಣನೇ. "ಹಾಗಲಕಾಯಿ ಬಿಟ್ಟೆ, ಹಲಸಿನ ಹಣ್ಣು ಬಿಟ್ಟೆ" ಎಂದ.

"ಅಯ್ಯೋ, ಹಲಸಿನ ಹಣ್ಣು ಕಂಡ್ರೆ ಮೂಗು ಮುಚ್ಕೊಳ್ಳೋರು ನೀವು!" ಎಂದು ಸರಳಾ ಪುರೋಹಿತರ ಎದುರೇ ನಕ್ಕುಬಿಟ್ಟಳು. "ದೇವ್ರಿಗೇ ಟೋಪಿ ಹಾಕ್ತೀರಾ? ಮಾವನವರಿಗೋಸ್ಕರ ಅಲ್ವಾ ಬಂದಿರೋದು? ದ್ರಾಕ್ಷಿ ಬಿಡಿ."

ಗಂಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತವನು ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ, "ಆಯ್ತು, ದ್ರಾಕ್ಷಿ" ಎಂದು ಮುಳುಗಿ ಎದ್ದ.

ಸರಳಾ ಬಿಟ್ಟಿದ್ದು ಸೀತಾಫಲ. ನೈಮೆಗನ್ನಿನಲ್ಲಿ ಸೀತಾಫಲ ಯಾರು ಮಾರುತ್ತಾರೆ! ದ್ರಾಕ್ಷಿಯಾದರೋ ಸೂಪರ್‌ಮಾರ್ಕೆಟ್ಟಿಗೆ ಕಾಲಿಟ್ಟರೆ ಎದುರಿಗೇ ಕೂತಿರುತ್ತಿತ್ತು. ಗೋವಿಂದರಾಜು ಒಂದು ದಿನವೂ ಅದರ ಮಾತೆತ್ತಲಿಲ್ಲ. ಎತ್ತಿದ್ದರೆ ಸರಳಾಳಿಗೂ ಜಗಳ ಆಡಿ ಹಗುರಾಗಬಹುದಿತ್ತು.

* * *

ಬಾಗಿಲು ತೆರೆಯಿತು. ನಾಲ್ಕು ಚಕ್ರದ ನಡೆಗೋಲು ತಳ್ಳಿಕೊಂಡು ಇಗ್ನಾಸಿಯೋ ಬಂದ. ಎಂಬತ್ತು ದಾಟಿದ ಮುದುಕ, ಗೋವಿಂದರಾಜುವಿನ ಪಕ್ಕದ ತೋಟದವನು. ನಡೆಗೋಲಿನ ಬುಟ್ಟಿಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ, ಒಂದು ಬಾಟಲಿ.

ಅವನ ಡಚ್ಚೂ ಅರ್ಧಂಬರ್ಧ, ಸರಳಾಳದ್ದೂ ಅರ್ಧಂಬರ್ಧ. ಎರಡೂ ಸೇರಿ ಹೇಗೋ ಮಾತು ನಡೆಯುತ್ತಿತ್ತು.

"ಊರಿಂದ ಬಂತು. ಮೊದಲನೇ ವೈನ್," ಎಂದು ಬಾಟಲಿ ಎತ್ತಿದ. "ಇವನ ಬಳ್ಳಿಯ ಮಕ್ಕಳದ್ದು."

ಬಾಟಲಿ ಎಲ್ಲಿಡುವುದೆಂದು ಯಾರಿಗೂ ತೋಚಲಿಲ್ಲ. ಕಡೆಗೆ ಮುಚ್ಚಳ ಕೆಳಗಿಟ್ಟು ಜಲಾಲನೇ ಇಸಿದುಕೊಂಡ. "ಇದನ್ನ ಹಿಡ್ಕೊಂಡು ನಿಂತಿರೋದು ಹೆಂಡ್ತಿ ತಲತ್ ನೋಡಿದ್ರೆ ನಾಳೆ ನನ್ನ ಜನಾಜಾ," ಎಂದು ಗೊಣಗಿ ಅದನ್ನು ಕಾಫಿ ಕಪ್ಪುಗಳ ಪಕ್ಕ ಇಟ್ಟು ಬಂದ. ಗಾನವಿ ಅವತ್ತು ಮೊದಲ ಸಲ ನಕ್ಕಳು, ನಗುತ್ತಲೇ ಅಳತೊಡಗಿದಳು.

* * *

ಆ ಬಳ್ಳಿ ಸ್ಪೇನಿನದು. ಪ್ರಾಯದಲ್ಲಿ ಇಲ್ಲಿಯ ಕಾರ್ಖಾನೆಗೆ ಕೂಲಿಗೆ ಬಂದ ಇಗ್ನಾಸಿಯೋ, ಒಮ್ಮೆ ಊರಿಗೆ ಹೋದವನು ಅಜ್ಜನ ತೋಟದ ಬಿಳಿ ದ್ರಾಕ್ಷಿಯ ಒಂದು ಕಡ್ಡಿಯನ್ನು ಒದ್ದೆ ಪೇಪರಿನಲ್ಲಿ ಸುತ್ತಿ ತಂದಿದ್ದ. ಅವನ ಊರಿನ ಸುತ್ತ ಬಿಟ್ಟರೆ ಬೇರೆಲ್ಲೂ ಬೆಳೆಯದ ತಳಿ. ಗೊಂಚಲು ಸಣ್ಣದು, ಇಳುವರಿ ಕಮ್ಮಿ. ಊರಿನವರು ಅದನ್ನು ಕಿತ್ತು ಕೆಂಪು ದ್ರಾಕ್ಷಿ ಹಾಕಿದರು. ಮೊಮ್ಮಕ್ಕಳ ಕಾಲಕ್ಕೆ, ಅಯ್ಯೋ ನಮ್ಮ ಬಿಳಿ ದ್ರಾಕ್ಷಿ ಎಲ್ಲಿ ಹೋಯಿತು ಎಂದು ಹುಡುಕಿದರೆ ಬೇರು ಕೂಡ ಉಳಿದಿರಲಿಲ್ಲ.

ಉಳಿದಿದ್ದು ನೈಮೆಗನ್ನಿನ ರೈಲು ಹಳಿಯ ಪಕ್ಕ, ಅದೂ ಕೊನೆಯುಸಿರು ಎಳೆಯುತ್ತಾ. ಇಗ್ನಾಸಿಯೋನ ಸೊಂಟ ಬಿದ್ದುಹೋಗಿತ್ತು, ಬಳ್ಳಿಗೆ ಬೂಷ್ಟು ಹಿಡಿದಿತ್ತು. ಬೇಲಿಯಾಚೆಯಿಂದ ನೋಡಿದ ಗೋವಿಂದರಾಜುವಿಗೆ ತಡೆಯಲಾಗಲಿಲ್ಲ. "ಕೊಡಿ ಇಲ್ಲಿ ಕತ್ತರಿ" ಎಂದು ಅಪ್ಪ ಸವರುತ್ತಿದ್ದ ಹಾಗೆ ಸವರಿದ, ಒಳ್ಳೆ ಕಡ್ಡಿ ಆರಿಸಿ ತನ್ನ ತೋಟದಲ್ಲಿ ನೆಟ್ಟ. ಅದು ಹಬ್ಬಿದ ಮೇಲೆ ಚಳಿಗಾಲ ಬಂದಾಗಲೆಲ್ಲ ಕಡ್ಡಿ ಕತ್ತರಿಸಿ ಸ್ಪೇನಿಗೆ ಕಳಿಸಿದರು. ಈಗ ಅಲ್ಲೊಂದು ಗುಡ್ಡದ ಓರೆ ಪೂರ್ತಿ ಅದೇ ಬಳ್ಳಿಯಂತೆ.

ಹಣ್ಣು ಮಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ತಿಂದು ನೋಡಬೇಕು. ಗೋವಿಂದರಾಜು ತಿನ್ನುವಂತಿಲ್ಲ. ಹಾಗಾಗಿ ಸೆಪ್ಟೆಂಬರ್ ಬಂತೆಂದರೆ ಒಂದು ಹಣ್ಣು ತಂದು, ಒಗ್ಗರಣೆ ಹಾಕುತ್ತಿದ್ದ ಸರಳಾಳ ಬಾಯಿಗೆ ಇಡುತ್ತಿದ್ದ. ಇಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

"ಹುಳಿನಾ, ಸಿಹಿನಾ?"

"ಹುಳಿ ರೀ! ಹುಣಸೆಹಣ್ಣಿನ ಬದ್ಲು ಸಾರಿಗೆ ಹಾಕ್ಬೋದು."

"ಹುಬ್ಬು ಗಂಟಾಗಿದ್ದು ನೋಡ್ದೆ, ಬಿಡು. ಇನ್ನೊಂದು ವಾರ ಇರ್ಲಿ."

ಅವಳ ಹುಬ್ಬು ಸಡಿಲವಾದ ದಿನವೇ ಕೊಯ್ಲು. ಈ ವರ್ಷವೂ, ಹೋದ ಶನಿವಾರ, ಒಂದು ಹಣ್ಣು ತಂದಿದ್ದ. ಸರಳಾ ತಂಗಿಯ ಜೊತೆ ಫೋನಿನಲ್ಲಿದ್ದಳು. "ಅಲ್ಲಿಡಿ, ಆಮೇಲೆ ತಿಂತೀನಿ" ಎಂದಳು. ಅವನು ಸ್ವಲ್ಪ ಹೊತ್ತು ನಿಂತು, ಕಿಟಕಿಯ ಕಟ್ಟೆ ಮೇಲಿಟ್ಟು ಹೋದ. ಅದು ಅಲ್ಲೇ ಸುಕ್ಕುಗಟ್ಟಿತು.

* * *

ಇಗ್ನಾಸಿಯೋ ಪೊಟ್ಟಣ ಬಿಚ್ಚಿದ. ಒಳಗೆ ಸಣ್ಣದೊಂದು ಗೊಂಚಲು, ತೆಳು ಹಳದಿ ಹಣ್ಣು.

"ಹೆಂಡತಿ ಹೇಳೋ ತನಕ ಕೊಯ್ಯೋದಿಲ್ಲ ಅಂತಿದ್ದ," ಎಂದ. "ಬಳ್ಳಿ ಹಾಗೇ ಇದೆ. ಹೇಳು, ಕೊಯ್ಯಲಾ?"

ಸರಳಾ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ತಿಂದಳು. ಇನ್ನೊಂದನ್ನು ಕಿತ್ತು ಶವಪೆಟ್ಟಿಗೆಯ ಕಡೆ ತಿರುಗಿದಳು.

"ಏ ಸರಳಾ! ಏನ್ ಮಾಡ್ತಿದೀಯಾ?" ಮೇಜಿನ ಮೇಲಿನ ಫೋನಿನಿಂದ ಕೂಗು ಬಂತು. ವೀಸಾ ಸಿಗದೆ ದೇವನಹಳ್ಳಿಯಲ್ಲೇ ಕೂತು ವಿಡಿಯೋ ಕಾಲಿನಲ್ಲಿ ತಮ್ಮನ ಮುಖ ನೋಡುತ್ತಿದ್ದ ಲೀಲಮ್ಮ. "ಕಾಶಿಲಿ ಬಿಟ್ಟಿರೋ ಹಣ್ಣು ಕಣೇ ಅದು! ಅಪ್ಪನ ಹೆಸ್ರಲ್ಲಿ ಬಿಟ್ಟಿದ್ದು. ಇಷ್ಟು ವರ್ಷ ನಡೆಸ್ಕೊಂಡು ಬಂದಿರೋ ವ್ರತ, ಹೋಗೋ ಹೊತ್ನಲ್ಲಿ ಕೆಡಿಸ್ತೀಯಾ? ಅಲ್ಲಿ ಅಪ್ಪಂಗೆ ಯಾವ ಮುಖ ತೋರಿಸ್ತಾನೆ?"

ಸರಳಾ ಹಣ್ಣು ಹಿಡಿದುಕೊಂಡೇ ಫೋನಿನ ಕಡೆ ತಿರುಗಿದಳು. ಅತ್ತಿಗೆಯ ಮಾತಿಗೆ ಅವಳು ಯಾವತ್ತೂ ಎದುರಾಡಿದವಳಲ್ಲ.

"ಸಾಯೋ ತನಕ ಅಂತ ತಾನೇ ಅತ್ತಿಗೆ ಬಿಟ್ಟಿದ್ದು?" ಎಂದಳು. "ಅಷ್ಟನ್ನ ನಡೆಸಿದಾರೆ. ಬಿಡಿಸಿದ್ದು ನಾನು, ಈಗ ತಿನ್ಸೋದೂ ನಾನೇ. ಜೀವಮಾನ ಇಡೀ ದ್ರಾಕ್ಷಿ ಬೆಳೆದೋರು ಮಾವ. ಮಗ ಒಂದು ಹಣ್ಣು ತಿಂದು ಬಂದ ಅಂದ್ರೆ ಬೈತಾರಾ, ಹೇಳಿ."

ಬಾಗಿಲಲ್ಲಿ ಮರೈಕೆ ಒಮ್ಮೆ ಇಣುಕಿ ಹೋದಳು. ಫೋನಿನಲ್ಲಿ ಲೀಲಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುವುದು ಕಾಣಿಸಿತು.

"ತೊಟ್ಟು ತೆಗ್ದು ಹಾಕೇ," ಎಂದಳು. "ಚಿಕ್ಕೋನಿದ್ದಾಗ ತೊಟ್ಟು ಸಮೇತ ನುಂಗೋನು."

ಸರಳಾ ತೊಟ್ಟು ತೆಗೆದಳು. ಹಣ್ಣನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಒಡೆದು, ತುಳಸಿ ಎಲೆಯ ಪಕ್ಕ, ತುಟಿಯ ಸಂದಿಯಲ್ಲಿ ಇಟ್ಟಳು. ರಸ ಒಂದು ಹನಿ ಗಲ್ಲಕ್ಕೆ ಇಳಿಯಿತು, ಸೆರಗಿನಿಂದ ಒರೆಸಿದಳು. ಜಲಾಲ್, ಗಾನವಿ ಮತ್ತೆ ಮುಚ್ಚಳ ಎತ್ತಿ ಹಿಡಿದು ಅವಳ ಸನ್ನೆಗೆ ಕಾದರು.

ಅವಳು ಸನ್ನೆ ಮಾಡಲಿಲ್ಲ. ಪೆಟ್ಟಿಗೆಯ ಅಂಚು ಹಿಡಿದು, ಬಗ್ಗಿ, ಅವನ ಹುಬ್ಬನ್ನೇ ನೋಡುತ್ತ ನಿಂತಿದ್ದಳು.