ಕಣಜದಿಂದ ಕಸಿದ ಜೇಡ

ಕರಿ ಕಣಜ, ರೆಕ್ಕೆ ಮಾತ್ರ ಕೆಂಪು, ದ್ರಾಕ್ಷಿ ಸಾಲಿನ ಮಣ್ಣಿನಲ್ಲಿ ಹಿಂದೆ ಹಿಂದೆ ನಡೆಯುತ್ತ ತನಗಿಂತ ದೊಡ್ಡ ಜೇಡವನ್ನು ಎಳೆಯುತ್ತಿದೆ, ಜೇಡ ಒದ್ದಾಡುತ್ತಿಲ್ಲ, ಎಂಟೂ ಕಾಲು ಮಡಚಿ ಬಿದ್ದಿದೆ, ಸತ್ತಿರಬೇಕು ಎಂದುಕೊಳ್ಳುತ್ತೇನೆ, ಕೂಡಲೇ ನೆನಪಿನೊಳಗೆ ಬ್ರಾಹ್ಮಿ ನಗುತ್ತಾಳೆ, ಸತ್ತಿಲ್ಲಪ್ಪಾ, ಚುಚ್ಚಿ ಮಲಗಿಸೈತಿ ಅಷ್ಟ, ಈ ಕುಲದ ಕಣಜ ಜೇಡ ಬಿಟ್ಟು ಬ್ಯಾರೆ ಬ್ಯಾಟಿ ಆಡೂದಿಲ್ಲ, ಬಿಲದಾಗ ಇಟ್ಟು ಮ್ಯಾಲೊಂದ ತತ್ತಿ ಇಡತೈತಿ, ಮರಿಗೆ ಜೀವಂತ ಊಟ ಬೇಕಲ್ಲಾ — ನನ್ನ ಮಗಳು, ಕೊಲ್ಹಾಪುರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು, ರಜೆಗೆ ಬಂದರೆ ಇದೇ ತೋಟದಲ್ಲಿ ಬೋರಲು ಮಲಗಿ ಕಣಜಗಳ ಬೆನ್ನು ಹತ್ತುತ್ತಿದ್ದಳು, ಒಮ್ಮೆ ಹೀಗೇ ಬಿದ್ದ ಜೇಡವನ್ನು ಗಾಜಿನ ಬರಣಿಯಲ್ಲಿಟ್ಟು ದಿನಾ ನೀರು ಚಿಮುಕಿಸಿದಳು, ಹದಿನೇಳನೆಯ ದಿನ ಅದು ಕಾಲಾಡಿಸಿತು, ಅಪ್ಪಾ ನೋಡ ಬಾ, ಎದ್ದೈತಿ, ಎಂದು ಮನೆ ತುಂಬ ಕುಣಿದಳು — ಹದಿನೇಳು ದಿನ, ನಾನು ಕಾದದ್ದು ಒಂಬತ್ತು, ಕಾಗವಾಡದ ಹತ್ತಿರ ಲಾರಿ ಅವಳ ಸ್ಕೂಟಿಗೆ ಬಡಿದಾಗಿನಿಂದ ಒಂಬತ್ತು, ಮಿರಜದ ದವಾಖಾನೆಯಲ್ಲಿ ಯಂತ್ರ ಉಸಿರಾಡುತ್ತಿತ್ತು, ಅವಳ ಎದೆ ಏಳುತ್ತಿತ್ತು, ಡಾಕ್ಟರರು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು, ಮೆದುಳು ಸತ್ತಿದೆ, ಎರಡು ಸಲ ನೋಡಿದೆವು, ಹೆಂಡತಿ ಲಕ್ಷ್ಮಿಬಾಯಿ ನನ್ನ ತೋಳು ಹಿಡಿದಳು, ಇನ್ನೊಂದ ದಿನ ನೋಡೂನ್ರಿ, ಒಂದ ದಿನ, ಯಂತ್ರ ನಿಲ್ಲಿಸುವ ಕಾಗದಕ್ಕೆ ನಾನು ಸಹಿ ಮಾಡಿದೆ.

ಕೈ ತಾನಾಗಿಯೇ ಹೋಗಿ ಜೇಡವನ್ನು ಎತ್ತಿಕೊಂಡಿದೆ, ಹತ್ತಿಯಷ್ಟೂ ಭಾರವಿಲ್ಲ, ಕಣಜ ಹುಚ್ಚು ಹಿಡಿದಂತೆ ನನ್ನ ಬೆರಳ ಸುತ್ತ ಸುತ್ತುತ್ತದೆ, ಅದರ ಮರಿಯ ಊಟ ಕಸಿದೆ, ಇದೂ ಹಿಂಸೆಯೇ, ಬಸದಿಯಲ್ಲಿ ಯಾರನ್ನು ಕೇಳಲಿ — ಬುತ್ತಿ ತಂದ ಲಕ್ಷ್ಮಿಬಾಯಿ ಎದುರಿಗೇ ನಿಂತಿದ್ದಾಳೆ, ಕೈಯಾಗ ಏನ್ರಿ ಅದು, ಜೇಡ, ಜೀವ ಐತಿ ಇದಕ್ಕ, ಎನ್ನುತ್ತೇನೆ, ಬಾಗಿ ನೋಡುತ್ತಾಳೆ, ಎರಡು ವರ್ಷದಲ್ಲಿ ಆ ಸಹಿಯ ಮಾತನ್ನು ಒಮ್ಮೆಯೂ ಎತ್ತದವಳು, ಆಕಿಗಿರಲಿಲ್ಲೇನ್ರಿ, ಎನ್ನುತ್ತಾಳೆ, ಬೈಯುವ ದನಿಯಲ್ಲ, ಗೊತ್ತಿಲ್ಲದವಳು ಗೊತ್ತಿದ್ದವನನ್ನು ಕೇಳುವಂತೆ, ಡಾಕ್ಟರ ಹೇಳಿದ್ರಲ್ಲ ಎನ್ನಬೇಕು, ಅದು ಬೇರೆ ಇದು ಬೇರೆ ಎನ್ನಬೇಕು, ಬ್ರಾಹ್ಮಿ ಇದ್ದಿದ್ದರೆ ಬಿಡಿಸಿ ಹೇಳುತ್ತಿದ್ದಳು, ಕಣ್ಣ ಮುಂದೆ ಬರುವುದು ಮಾತ್ರ ಇವಳಿಗೆ ಎಂದೂ ಹೇಳದ್ದು, ಯಂತ್ರ ನಿಂತ ಮೇಲೆ, ಇವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಗ, ನರ ಎಳೆಯಬಹುದು, ಅದು ಜೀವವಲ್ಲ ಎಂದು ಡಾಕ್ಟರರು ಮೊದಲೇ ಹೇಳಿದ್ದರು, ಹೇಳಿದ್ದರು, ಆದರೂ ಹೊದಿಕೆಯ ಆಚೆ ಬ್ರಾಹ್ಮಿಯ ಎಡಗೈ ಕಿರುಬೆರಳು, ಮಡಚಿತು, ಬಿಚ್ಚಿತು, ಯಾರಿಗೂ ಕಾಣದಂತೆ ನಾನು ಅದರ ಮೇಲೆ ಅಂಗೈ ಮುಚ್ಚಿದೆ — ಏನ್ರಿ, ಮಾತಾಡ್ರಿ — ಕಿರುಬೆರಳು, ಅಂಗೈಯ ಕೆಳಗೆ, ಮಡಚಿತು, ಬಿಚ್ಚಿತು, ಮಡಚಿತು —