ಹೆಣ ಕಣ್ಣು ಬಿಟ್ಟಿತು

ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವ ಅಳಿಯನಿಗೆ ಆ ಶುಕ್ರವಾರ ಬಂದಂಥ ಸಂಕಟ ಶತ್ರುವಿಗೂ ಬೇಡ. ಹೊಸ ಚಿತ್ರದಲ್ಲಿ ಅವನ ಅತ್ತೆ ನಟಿಸಿದ್ದರು. ಪಾತ್ರ, ನಾಯಕನ ತಾಯಿಯ ಹೆಣ.

ಹೆಣವೆಂದರೆ ಸುಮ್ಮನೆ ಮಲಗುವುದು ಎಂದುಕೊಂಡಿರಾ? ಅತ್ತೆ ವಾರಗಟ್ಟಲೆ ನಡುಮನೆಯ ಸೋಫಾದ ಮೇಲೆ ಉಸಿರು ಬಿಗಿಹಿಡಿದು ತಾಲೀಮು ಮಾಡಿದ್ದರು. ಪಾರ್ಸೆಲ್ ತಂದವನೊಬ್ಬ ಅವರನ್ನು ಕಂಡು ಸಹಿಯನ್ನೂ ಕೇಳದೆ ಎದ್ದೆನೋ ಬಿದ್ದೆನೋ ಎಂದು ಓಡಿದ್ದ. ಅವನ ಓಟವೇ ತಮ್ಮ ಮೊದಲ ಪ್ರಶಸ್ತಿ ಎಂದು ಅತ್ತೆ ಬೀಗಿದ್ದರು.

"ಅಮ್ಮನ ಬಗ್ಗೆ ನಾಲ್ಕು ಒಳ್ಳೆ ಮಾತು ಬರೀರಿ. ಇಲ್ಲಾಂದ್ರೆ ಊಟ ಆಫೀಸಲ್ಲೇ ಮುಗಿಸ್ಕೊಂಡು ಬನ್ನಿ," ಎಂದು ಹೆಂಡತಿ ಬೆಳಿಗ್ಗೆಯೇ ತಾಕೀತು ಮಾಡಿದಳು.

ಥಿಯೇಟರಿನಲ್ಲಿ ಅವನೂ ಉಸಿರು ಬಿಗಿಹಿಡಿದೇ ಕೂತ. ನಾಯಕ ತಾಯಿಯ ಮೇಲೆ ಬಿದ್ದು ಗೋಳೋ ಎಂದು ಅಳತೊಡಗಿದ. ಅತ್ತ, ಅತ್ತ, ನಿಲ್ಲಿಸಲೇ ಇಲ್ಲ. ಆಗ ಹೆಣ ಮೆಲ್ಲಗೆ ಎಡಗಣ್ಣು ತೆರೆದು, ಅವನನ್ನೊಮ್ಮೆ ನೋಡಿ, ಮತ್ತೆ ಮುಚ್ಚಿಕೊಂಡಿತು. ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು.

ಆಫೀಸಿಗೆ ಬಂದು ಹೊಗಳಲು ನೋಡಿದ. 'ಸಂಯಮದ ಅಭಿನಯ' ಎಂದು ಬರೆದು ಅಳಿಸಿದ. 'ಜೀವಂತ ಅಭಿನಯ' ಎಂದು ಬರೆದು ಗಾಬರಿಯಿಂದ ಅಳಿಸಿದ. ಇದುವರೆಗೆ ಯಾರ ಮುಲಾಜಿಗೂ ಬಿದ್ದವನಲ್ಲ; ಊರಿಗೊಂದು ನ್ಯಾಯ, ಅತ್ತೆಗೊಂದು ನ್ಯಾಯವೇ? ಕೊನೆಗೆ ಗಟ್ಟಿ ಮನಸ್ಸು ಮಾಡಿ, 'ಹೆಣ ಕಣ್ಣು ಬಿಟ್ಟದ್ದು ಚಿತ್ರದ ದೊಡ್ಡ ದೋಷ' ಎಂದು ಬರೆದುಕೊಟ್ಟ.

ಮರುದಿನ ಪತ್ರಿಕೆಯನ್ನು ಹಾಸಿಗೆಯಡಿ ಬಚ್ಚಿಟ್ಟು ನಡುಮನೆಗೆ ಬಂದರೆ, ಅತ್ತೆ ಪಕ್ಕದ ಮನೆಯವರ ಪತ್ರಿಕೆ ಹಿಡಿದು ಕೂತಿದ್ದರು.

"ವಿಮರ್ಶೆ ಬರೆಯೋದು ಹೀಗೇನಪ್ಪಾ?"

"ತಪ್ಪಾಯ್ತು ಅತ್ತೆ. ಆದ್ರೆ ನೀವು ಕಣ್ಣು ಬಿಟ್ಟಿದ್ದು ನಿಜ ತಾನೆ?"

"ಬಿಟ್ಟೆ, ಯಾರು ಇಲ್ಲ ಅಂದ್ರು? ಯಾಕೆ ಬಿಟ್ಟೆ ಅಂತ ಬರೆದ್ಯಾ? ಆ ಹುಡುಗ ಅಳ್ತಿದ್ದ ಚೆಂದಕ್ಕೆ ಸತ್ತೋಳಿಗೂ ತಡ್ಕೊಳ್ಳೋಕಾಗ್ಲಿಲ್ಲ. ಹಾಗೆ ಬರೀಬೇಕು!"

ಅಳಿಯನ ಹೊಟ್ಟೆ ಉರಿಯಿತು. ಇಷ್ಟು ವರ್ಷದಲ್ಲಿ ಅಂಥ ಒಂದು ವಾಕ್ಯ ಅವನ ಕೈಯಿಂದ ಬಂದಿರಲಿಲ್ಲ. ನಾಚಿಕೆ ಬಿಟ್ಟು ಕೇಳಿದ: "ಅತ್ತೆ, ಈ ಮಾತನ್ನ ಭಾನುವಾರದ ಅಂಕಣಕ್ಕೆ ಹಾಕ್ಕೊಳ್ಳಲಾ?"

"ಹಾಕ್ಕೋ. ಕೆಳಗೆ ನನ್ನ ಹೆಸರೂ ಹಾಕು," ಎಂದರು ಅತ್ತೆ. ಪತ್ರಿಕೆಯನ್ನು ನಿಧಾನವಾಗಿ ಮಡಚಿದರು. "ನಿನ್ನೆ ಸಿನಿಮಾ ಮುಗಿದ್ಮೇಲೂ ಎದ್ದೇಳದೆ ಕೂತು ನೋಡ್ದೆ. ಅಡುಗೆಯವರ ಹೆಸರೂ ಇತ್ತು. ನನ್ನದು ಇರ್ಲಿಲ್ಲ."