ಕಲ್ಯಾಣಪ್ಪನವರು ಮರ ನೋಡಿದ್ದು

ಕಲ್ಯಾಣಪ್ಪನವರ ಬಾಯಿ ಅವರ ಅಂಗಡಿಗಿಂತ ದೊಡ್ಡದು. ಬೀದರಿನಿಂದ ಬಂದು ಬೇಗಂ ಬಜಾರಿನಲ್ಲಿ ನಲವತ್ತು ವರ್ಷ ಔಷಧಿ ಕಾಯಿಗಳನ್ನು ಮಾರಿದ ಮನುಷ್ಯ, ಒಂದು ದಿನ ಮೊಮ್ಮಗಳು ಪಿಂಕಿಯ ಮುಂದೆ, "ನನಗ ಗೊತ್ತಿಲ್ಲದ ಔಷಧದ ಗಿಡಾನ ಇಲ್ಲ" ಎಂದುಬಿಟ್ಟರು. ಪಿಂಕಿ ಅದನ್ನು ಶಾಲೆಯಲ್ಲಿ ಸಾರಿದಳು. ಶಾಲೆಯವರು ಫೆಬ್ರವರಿ ಕೊನೆಗೆ ಊರಂಚಿನ ದೊಡ್ಡ ಸಸ್ಯೋದ್ಯಾನದಲ್ಲಿ ಸ್ಪರ್ಧೆ ಇಟ್ಟಿದ್ದರು. ಪ್ರತಿ ವಿಭಾಗದಿಂದ ಮಕ್ಕಳ ಜೊತೆ ಒಬ್ಬ ಹಿರಿಯರು ಬರಬೇಕು, ಹೆಸರಿನ ಫಲಕಕ್ಕೆ ಬಟ್ಟೆ ಸುತ್ತಿದ ನಾಲ್ಕು ಮರಗಳನ್ನು ಗುರುತಿಸಬೇಕು. ಆರನೇ ತರಗತಿ 'ಎ' ವಿಭಾಗದಿಂದ ಕಲ್ಯಾಣಪ್ಪನವರ ಹೆಸರು ಹೋಗಿಯೇ ಬಿಟ್ಟಿತು.

ಮಣಿಕೊಂಡದ ಮನೆಯಿಂದ ಆಟೋ ಹೊರಟಾಗಲೇ ಅವರಿಗೆ ತಿರುಗಿ ಹೋಗೋಣ ಅನ್ನಿಸಿತು. ಯಾಕೆಂದರೆ ಅಂಥ ಗಿಡಗಳಲ್ಲಿ ಒಂದನ್ನೂ ಅವರು ಜನ್ಮದಲ್ಲಿ ನೋಡಿರಲಿಲ್ಲ. ಅವರ ಮಟ್ಟಿಗೆ ಅಳಲೆಕಾಯಿ ಹುಟ್ಟುತ್ತಿದ್ದದ್ದು ಗೋಣಿಚೀಲದಲ್ಲಿ.

'ಬಿ' ವಿಭಾಗದವರು ಕರೆತಂದದ್ದು ಸಸ್ಯಶಾಸ್ತ್ರದ ನಿವೃತ್ತ ಪ್ರೊಫೆಸರ್ ದತ್ತಾತ್ರೇಯ ಅವರನ್ನು. ಮೊದಲ ಮರದ ಎಲೆ ನೋಡಿದ್ದೇ ತಡ, ಅವರು ಚೀಟಿಯಲ್ಲಿ ಹೆಸರು ಬರೆದರು. ಕಲ್ಯಾಣಪ್ಪನವರು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದರು. ಎಲ್ಲಾ ಹಸಿರು. ಅವರ ಚೀಟಿ ಖಾಲಿಯೇ ಹೋಯಿತು.

ಹಿಂದೆ ಮಕ್ಕಳ ಕಿಸಕಿಸ. ಪಿಂಕಿ ಮೆಲ್ಲಗೆ, "ಮುತ್ಯಾ, ನೀ ಸುಳ್ಳು ಹೇಳಿದ್ದೇನು?" ಎಂದಳು. ಅವರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮೊಮ್ಮಗಳ ಮುಖ ನೋಡಲಾರದೆ ನೆಲ ನೋಡುತ್ತಾ ನಡೆದರು.

ಎರಡನೇ ಮರದಡಿ ಚಪ್ಪಲಿಗೆ ಏನೋ ಸಿಕ್ಕಿತು. ಬಗ್ಗಿ ಎತ್ತಿ, ಅಂಗಡಿಯ ಅಭ್ಯಾಸದಂತೆ ಕಿವಿಯ ಹತ್ತಿರ ಅಲುಗಾಡಿಸಿದರು. ಒಳಗೆ ಬೀಜ ಕಟಕಟ ಅಂದಿತು. ಅಂಟುವಾಳ. ಹೋದ ಜೀವ ಬಂದಂತಾಯಿತು. ಮೂರನೆಯದರ ಕೆಳಗೆ ಬಿದ್ದದ್ದನ್ನು ಕಚ್ಚಿ ನೋಡಿ, ನಾಲಿಗೆಯ ಒಗರು ಇಳಿಯುವ ಮೊದಲೇ ಅಳಲೆ ಎಂದು ಬರೆದರು.

ಪ್ರೊಫೆಸರಿಗೆ ಮೂರು ಅಂಕ, ಇವರಿಗೆ ಎರಡು. ಕೊನೆಯ ಮರಕ್ಕೆ ಮಾತ್ರ ಎರಡು ಅಂಕ ಇಟ್ಟಿದ್ದರು. ಆ ಮರವೋ ಬೋಳಾಗಿ ನಿಂತಿತ್ತು, ಉದುರಿದ ಎಲೆಗಳನ್ನೂ ಮಾಲಿ ಗುಡಿಸಿ ಒಯ್ದಿದ್ದ. ದತ್ತಾತ್ರೇಯ ಅವರು ತೊಗಟೆ ಸವರಿ, ಕೊಂಬೆಗಳನ್ನು ದಿಟ್ಟಿಸಿ, ಎಲೆಯಿಲ್ಲದೆ ಹೇಳಲಾರೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಕಲ್ಯಾಣಪ್ಪನವರು ಮೇಲೆ ನೋಡಲೇ ಇಲ್ಲ. ಧೋತರ ಎತ್ತಿಕಟ್ಟಿ ಕುಕ್ಕುರುಗಾಲಲ್ಲಿ ಕುಳಿತು ಬೇರಿನ ಸಂದಿಗೆ ಬೆರಳು ತೂರಿಸಿದರು. ಸಿಕ್ಕಿದ್ದು ಒಂದೇ ಒಂದು ಕಾಯಿ. ಹೆಬ್ಬೆರಳಿಂದ ಉಜ್ಜಿದರೆ ಮಖಮಲ್ಲಿನ ನವಿರು. ಬರೆಯುವಷ್ಟೂ ತಾಳ್ಮೆಯಿಲ್ಲದೆ, ಸ್ಪರ್ಧೆ ನಡೆಸುತ್ತಿದ್ದ ಟೀಚರ್ ಅಮಿತಾಗೆ ಬಜಾರಿನ ಹಿಂದಿಯಲ್ಲಿ ಕೂಗಿ ಹೇಳಿದರು: ಇದು ಬಹೇಡಾ, ನಮ್ಮ ತಾರೆಕಾಯಿ, ಬೇಕಿದ್ದರೆ ಬಟ್ಟೆ ಬಿಚ್ಚಿ ನೋಡಿ.

ಬಿಚ್ಚಿದರು. ಫಲಕವೂ ಅದನ್ನೇ ಹೇಳಿತು. 'ಎ' ವಿಭಾಗದ ಕೂಗಿಗೆ ಕಾಗೆಗಳೆಲ್ಲ ಹಾರಿದವು. ದತ್ತಾತ್ರೇಯ ಅವರೇ ಬಂದು ಕೈ ಕುಲುಕಿ, ಆ ಕಾಯಿಯನ್ನು ಕೇಳಿ ಪಡೆದು ಜೇಬಿಗಿಳಿಸಿದರು.

ಆಗ ಕಲ್ಯಾಣಪ್ಪನವರು ತಲೆ ಎತ್ತಿ ಮರವನ್ನು ನೋಡಿದರು. ಮೂರು ಮಹಡಿ ಎತ್ತರ. ನಲವತ್ತು ವರ್ಷ ತಾವು ಚೀಲದಲ್ಲಿ ಕೈಯಾಡಿಸಿದ್ದು ಇಷ್ಟೆತ್ತರದಿಂದ ಬಿದ್ದದ್ದನ್ನು ಎಂದು ನೆನೆದು, ಹೆಮ್ಮೆಯಿಂದ ಅವರ ಕಣ್ಣು ತುಂಬಿತು.

ಪಿಂಕಿ ಕೈಗೆ ಜೋತುಬಿದ್ದಳು. "ಹಂಗಾರ ನೀ ಹೇಳಿದ್ದು ಸುಳ್ಳಲ್ಲ, ಮುತ್ಯಾ?"

"ನಿನ್ನಿತನಕ ಸುಳ್ಳಿತ್ತವ್ವ," ಎಂದರು ಕಲ್ಯಾಣಪ್ಪನವರು. "ಇವತ್ತಿಂದ ಖರೆ."